ಡಾಸ್ ಪ್ರೋಗ್ರಾಮ್ ಸುಮ್ನೆ ಕಾಯುವಾಗ ಸಿಪಿಯು ಬಿಟ್ಟುಕೊಡುವುದು ಹೇಗೆ: ಸಿ ಬರೆಯುವವರಿಗೆ

ಟರ್ಬೊ ಸಿಯಲ್ಲಿ (ಡಾಸ್ ಕಾಲದ ಸಿ ಕಂಪೈಲರ್) ಬರೆದ ಯಾವುದಾದರೂ ಹಳೆಯ ಪ್ರೋಗ್ರಾಮನ್ನು ಇವತ್ತಿನ ಲ್ಯಾಪ್‌ಟಾಪ್‌ನಲ್ಲಿ, ವರ್ಚುವಲ್‌ಬಾಕ್ಸ್ ಅನ್ನುವ ನಕಲಿ ಕಂಪ್ಯೂಟರ್ ಒಳಗೆ ಓಡಿಸಿ ನೋಡಿ. ಮೆನು ಬಂದು ನಿಂತಿರುತ್ತದೆ. ನೀವು ಒಂದು ಕೀ ಒತ್ತಲಿ ಅಂತ ಕಾಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇಲ್ಲ. ಆದರೂ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಟಾಸ್ಕ್ ಮ್ಯಾನೇಜರ್ ತೆಗೆದರೆ ಒಂದು ಕೋರ್ ಪೂರ್ತಿ ಅದರ ಹೊಟ್ಟೆಗೇ ಹೋಗಿರುತ್ತದೆ. ಅಂಗಡಿಯ ಹಳೇ ಬಿಲ್ಲಿಂಗ್ ಪ್ರೋಗ್ರಾಮ್ ಇರಲಿ, ಲ್ಯಾಬ್‌ನ ಯಂತ್ರ ನಡೆಸುವ ಪ್ರೋಗ್ರಾಮ್ ಇರಲಿ, ಕಥೆ ಒಂದೇ.

ಇದು ಹೊಸ ತೊಂದರೆ ಅಲ್ಲ. ಡಾಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ ಹುಟ್ಟಿದ್ದು 1981ರಲ್ಲಿ, ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ಅನ್ನುವ ಲೆಕ್ಕದಲ್ಲಿ. ಪ್ರೊಸೆಸರ್ ಪೂರ್ತಿ ನಿಮ್ಮದೇ ಆಗಿದ್ದಾಗ ಖಾಲಿ ಲೂಪ್ ಸುತ್ತಿದರೆ ಯಾರಿಗೂ ನಷ್ಟ ಇರಲಿಲ್ಲ. ಆಮೇಲೆ ಐಬಿಎಂನ ಟಾಪ್‌ವ್ಯೂ ಬಂತು, ಕ್ವಾರ್ಟರ್‌ಡೆಕ್‌ನ ಡೆಸ್ಕ್‌ವ್ಯೂ ಬಂತು, 1990ರಲ್ಲಿ ವಿಂಡೋಸ್ 3.0, 1992ರಲ್ಲಿ ಓಎಸ್/2 2.0 ಬಂದವು. ಇವೆಲ್ಲ ನಾಲ್ಕಾರು ಡಾಸ್ ಪ್ರೋಗ್ರಾಮ್‌ಗಳನ್ನು ಒಟ್ಟಿಗೆ ಓಡಿಸುತ್ತವೆ, ಪ್ರತಿಯೊಂದಕ್ಕೂ ಇಷ್ಟಿಷ್ಟು ಟೈಮ್ ಸ್ಲೈಸ್, ಅಂದರೆ ಸಿಪಿಯು ಸಿಗುವ ಸರದಿಯ ಹೊತ್ತು, ಹಂಚುತ್ತವೆ. ಆದರೆ ನಿಮ್ಮ ಪ್ರೋಗ್ರಾಮ್ ನಿಜವಾಗಿ ಲೆಕ್ಕ ಮಾಡುತ್ತಿದೆಯೋ ಸುಮ್ನೆ ಕೀಬೋರ್ಡ್ ನೋಡುತ್ತಾ ಕೂತಿದೆಯೋ ಅಂತ ಹೊರಗಿನಿಂದ ನೋಡಿ ಹೇಳುವುದು ಅವಕ್ಕೆ ಕಷ್ಟ. ಊಹೆ ಮಾಡುತ್ತವೆ, ಅಥವಾ ನೀವೇ ಹೇಳಬೇಕು. ಹೇಳುವುದು ಹೇಗೆ, ಯಾವ ಜಾಗದಲ್ಲಿ ಹೇಳಬೇಕು, ಇಷ್ಟೇ ಇಲ್ಲಿರುವ ವಿಷಯ. ಎರಡನೆಯದೇ ಹೆಚ್ಚು ಮುಖ್ಯ, ಆದರೆ ಎಲ್ಲರೂ ಮೊದಲನೆಯದರ ಹಿಂದೆಯೇ ಬೀಳುತ್ತಾರೆ.

ಡಾಸ್‌ನಲ್ಲಿ ಕೆಳಗಿನ ಸಿಸ್ಟಮ್ ಅನ್ನು ಕರೆಯುವುದು ಇಂಟರಪ್ಟ್ ಸಂಖ್ಯೆಯಿಂದ, ಏನು ಬೇಕು ಅಂತ ಹೇಳುವುದು ಎಎಕ್ಸ್, ಬಿಎಕ್ಸ್‌ನಂಥ ಪ್ರೊಸೆಸರ್ ರಿಜಿಸ್ಟರ್‌ಗಳಲ್ಲಿ (ಎಎಚ್, ಎಎಲ್ ಅಂದರೆ ಎಎಕ್ಸ್‌ನ ಮೇಲಿನ, ಕೆಳಗಿನ ಬೈಟ್; ಫಂಕ್ಷನ್ ಸಂಖ್ಯೆ ಹೋಗುವುದು ಎಎಚ್‌ನಲ್ಲಿ). ಮುಂದೆ ಬರುವ ಇಂಟರಪ್ಟ್ ಮತ್ತು ರಿಜಿಸ್ಟರ್ ಸಂಖ್ಯೆಗಳೆಲ್ಲ ಹೆಕ್ಸ್. ಎಲ್ಲಿ ದಶಮಾಂಶ ಇದೆಯೋ ಅಲ್ಲಿ ಹಾಗಂತ ಹೇಳುತ್ತೇನೆ. ಟರ್ಬೊ ಸಿ, ಮೈಕ್ರೋಸಾಫ್ಟ್ ಸಿ ಎರಡರಲ್ಲೂ ಡಾಸ್ ಹೆಡರ್ ಸೇರಿಸಿಕೊಂಡು ಇಂಟ್86 ಫಂಕ್ಷನ್ ಬಳಸಿದರೆ ಸಾಕು, ಅಸೆಂಬ್ಲಿ ಹೆಚ್ಚು ಬೇಕಾಗುವುದಿಲ್ಲ.

ಮೊದಲು ಲೂಪ್ ನೋಡಿ

ಪತ್ತೆ ಹಚ್ಚುವ ಕೋಡ್ ಬರೆಯುವ ಮೊದಲು ನಿಮ್ಮ ಕಾಯುವ ಲೂಪ್‌ಗಳನ್ನು ಹುಡುಕಿ. ಕೆಬಿಹಿಟ್ ಅಂತ ಕೇಳುತ್ತಾ ಸುತ್ತುವ ವೈಲ್ ಲೂಪ್ ಇದೆ ಅಲ್ವಾ, ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಟರ್ಬೊ ಸಿ ಕಲಿತ ಎಲ್ಲರೂ ಬರೆದಿರುತ್ತಾರೆ, ಅದೇ ಮುಖ್ಯ ಅಪರಾಧಿ. ಕೀ ಒತ್ತುವವರೆಗೆ ಮಾಡಲು ಬೇರೆ ಕೆಲಸವೇ ಇಲ್ಲ ಅಂದರೆ ಕೆಬಿಹಿಟ್ ಬೇಡವೇ ಬೇಡ, ನೇರವಾಗಿ ಗೆಟ್‌ಸಿಎಚ್ ಕರೆಯಿರಿ. ಟರ್ಬೊ ಸಿಯ ಗೆಟ್‌ಸಿಎಚ್ ಒಳಗೆ ಡಾಸ್‌ನ ಇಂಟರಪ್ಟ್ 21, ಫಂಕ್ಷನ್ 07 ಹೋಗುತ್ತದೆ. ಡಾಸ್ ಹೀಗೆ ಅಕ್ಷರಕ್ಕಾಗಿ ಕಾಯುವಾಗ ತಾನೇ ಪದೇಪದೇ ಇಂಟರಪ್ಟ್ 28 ಕರೆಯುತ್ತದೆ. "ನಾನು ಖಾಲಿ ಇದ್ದೇನೆ" ಅನ್ನುವ ಸೂಚನೆ ಅದು. ಹಿನ್ನೆಲೆಯಲ್ಲಿ ಕೂತ ಟಿಎಸ್ಆರ್‌ಗಳು (ಮುಗಿದ ಮೇಲೂ ಮೆಮೊರಿಯಲ್ಲೇ ಉಳಿಯುವ ಪ್ರೋಗ್ರಾಮ್‌ಗಳು), ಎಂಎಸ್-ಡಾಸ್ 6ರ ಜೊತೆ ಬಂದ ಪವರ್ ಅನ್ನುವ ಬ್ಯಾಟರಿ ಉಳಿಸುವ ಡ್ರೈವರ್, ಇಂಥವೆಲ್ಲ ಆ ಸೂಚನೆಯನ್ನು ಹಿಡಿದುಕೊಳ್ಳುತ್ತವೆ. ಅಂದರೆ ಒಂದು ಸಾಲು ಬದಲಾಯಿಸಿದ್ದಕ್ಕೇ ಅರ್ಧ ಕೆಲಸ ಆಯಿತು.

ಬಯೋಸ್‌ಕೀ ಬಳಸುವವರು ಗಮನಿಸಿ: ಅದು ಡಾಸ್ ಬಿಟ್ಟು ನೇರವಾಗಿ ಬಯೋಸ್‌ನ (ಮಷಿನ್‌ನೊಳಗಿನ ಮೂಲ ಸಾಫ್ಟ್‌ವೇರ್) ಇಂಟರಪ್ಟ್ 16ಕ್ಕೆ ಹೋಗುತ್ತದೆ, ಹಾಗಾಗಿ 28ರ ಸೂಚನೆ ಬರುವುದಿಲ್ಲ.

ಡಿಲೇ ಫಂಕ್ಷನ್ ಕೂಡ ಹೀಗೇ. ಹೆಸರು ನೋಡಿದರೆ ನಿದ್ದೆ ಮಾಡುತ್ತದೆ ಅನಿಸುತ್ತದೆ, ಟರ್ಬೊ ಸಿಯಲ್ಲಿ ಅದು ಮಿಲಿಸೆಕೆಂಡ್ ಲೆಕ್ಕ ಹಿಡಿದು ಸುತ್ತುವ ಲೂಪ್ ಅಷ್ಟೇ. ಅದನ್ನು ಕಿತ್ತು ಹಾಕಿ ಟಿಕ್, ಅಂದರೆ ಟೈಮರ್‌ನ ಎಣಿಕೆ, ನೋಡುವ ಲೂಪ್ ಬರೆಯಿರಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಗಡಿಯಾರ ತೋರಿಸುತ್ತಾ ಕೀಗೂ ಕಾಯಬೇಕು, ಸೀರಿಯಲ್ ಪೋರ್ಟ್ ನೋಡುತ್ತಾ ಮೆನುವನ್ನೂ ನಡೆಸಬೇಕು ಅನ್ನುವಂಥ ಕಡೆ ಮಾತ್ರ ಲೂಪ್ ಉಳಿಯುತ್ತದೆ. ಆ ಲೂಪ್‌ಗಳಿಗೇ ಕೆಳಗಿನ ಮದ್ದು.

ಯಾರ ಮನೆಯಲ್ಲಿದ್ದೇವೆ ಅಂತ ತಿಳಿಯುವುದು

ಪತ್ತೆಯನ್ನು ಮೇನ್ ಶುರುವಿನಲ್ಲಿ ಒಂದೇ ಸಲ ಮಾಡಿ, ಉತ್ತರವನ್ನು ಒಂದು ಗ್ಲೋಬಲ್ ವೇರಿಯೆಬಲ್‌ನಲ್ಲಿ ಇಟ್ಟುಕೊಳ್ಳಿ. ಪ್ರತಿ ಸುತ್ತಿಗೂ ಕೇಳುತ್ತಾ ಕೂರುವವರಿದ್ದಾರೆ, ಅದು ದಂಡ. ಪ್ರೋಗ್ರಾಮ್ ಓಡುತ್ತಿರುವಾಗ ಕೆಳಗಿನ ಪರಿಸರ ಬದಲಾಗುವುದಿಲ್ಲ.

ಡೆಸ್ಕ್‌ವ್ಯೂನಿಂದ ಶುರು ಮಾಡಿ, ಯಾಕೆಂದರೆ ಅದರ ದಾರಿ ಬೇರೆ. ಇಂಟರಪ್ಟ್ 21ರ ಫಂಕ್ಷನ್ 2ಬಿ ಅಂದರೆ ತಾರೀಕು ಬದಲಾಯಿಸುವ ಕರೆ. ಎಎಲ್‌ನಲ್ಲಿ 01, ಸಿಎಕ್ಸ್‌ನಲ್ಲಿ 4445, ಡಿಎಕ್ಸ್‌ನಲ್ಲಿ 5351 ಇಟ್ಟು ಕರೆಯಿರಿ. ಆ ನಾಲ್ಕು ಬೈಟ್‌ಗಳನ್ನು ಅಕ್ಷರವಾಗಿ ಓದಿದರೆ ಡಿ, ಇ, ಎಸ್, ಕ್ಯೂ ಅಂತ ಬರುತ್ತದೆ. ತಾರೀಕಾಗಿ ಓದಿದರೆ 17477ನೇ ಇಸವಿಯ 83ನೇ ತಿಂಗಳ 81ನೇ ದಿನ, ಇವು ದಶಮಾಂಶದಲ್ಲಿ. ಅಂಥ ತಾರೀಕು ಇಲ್ಲ ಅಂತ ಬರೀ ಡಾಸ್ ಎಎಲ್‌ನಲ್ಲಿ ಎಫ್‌ಎಫ್ ಕೊಟ್ಟು ವಾಪಸ್ ಕಳಿಸುತ್ತದೆ. ಡೆಸ್ಕ್‌ವ್ಯೂ ಇದ್ದರೆ ಅದು ನಡುವೆಯೇ ಕರೆಯನ್ನು ಹಿಡಿದು ಬಿಎಕ್ಸ್‌ನಲ್ಲಿ ತನ್ನ ವರ್ಷನ್ ಕೊಡುತ್ತದೆ, ಮುಖ್ಯ ಸಂಖ್ಯೆ ಬಿಎಚ್‌ನಲ್ಲಿ. ಯಾರಿಗೂ ತೊಂದರೆ ಆಗದ ಹಾಗೆ, ಎಂದೂ ಸರಿಯಾಗದ ಪ್ರಶ್ನೆಯೊಂದನ್ನು ಗುರುತಿನ ಮಾತು ಮಾಡಿಕೊಂಡಿದ್ದಾರೆ. ಬಹಳ ಜಾಣತನದ ಕೆಲಸ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಆಮೇಲೆ ಓಎಸ್/2. ಇಂಟರಪ್ಟ್ 21, ಎಎಚ್‌ನಲ್ಲಿ 30 ಹಾಕಿ ಡಾಸ್ ವರ್ಷನ್ ಕೇಳಿ. ಎಎಲ್‌ನಲ್ಲಿ ದಶಮಾಂಶ 10 ಬಂದರೆ ಓಎಸ್/2 ಒಂದರ ಸರಣಿ, 20 ಬಂದರೆ ಎರಡರ ಸರಣಿ ಅಥವಾ ಅದಕ್ಕೂ ಈಚಿನದು. ವಾರ್ಪ್ 3 (ಓಎಸ್/2ರ ಮೂರನೇ ಸರಣಿ) ಕೂಡ 20 ಅಂತಲೇ ಹೇಳುತ್ತದೆ, ಎಎಚ್‌ನಲ್ಲಿ ದಶಮಾಂಶ 30 ಇರುತ್ತದೆ. ಒಂದೇ ತೊಡಕು, ಡಾಸ್ 5ರಿಂದ ಸೆಟ್‌ವರ್ ಅನ್ನುವುದು ಇದೆ, ಓಎಸ್/2ರ ಡಾಸ್ ಸೆಟ್ಟಿಂಗ್‌ಗಳಲ್ಲೂ ವರ್ಷನ್ ಸುಳ್ಳು ಹೇಳಿಸುವ ಸೌಲಭ್ಯ ಇದೆ. ಹಾಗಾಗಿ ಈ ಉತ್ತರವನ್ನು ಪೂರ್ತಿ ನಂಬಬೇಡಿ.

ವಿಂಡೋಸ್ 3 ಎನ್‌ಹ್ಯಾನ್ಸ್‌ಡ್ ಮೋಡ್‌ಗೆ ಮತ್ತು 95, 98ಕ್ಕೆ ಇಂಟರಪ್ಟ್ 2ಎಫ್, ಎಎಕ್ಸ್‌ನಲ್ಲಿ 1600. ಎಎಲ್‌ನಲ್ಲಿ 00 ಅಥವಾ 80 ಬಂದರೆ ಇಲ್ಲ ಅಂತ. 01 ಅಥವಾ ಎಫ್‌ಎಫ್ ಬಂದರೆ ಹಳೆಯ ವಿಂಡೋಸ್/386. 3 ಅಥವಾ 4 ಬಂದರೆ ಅದೇ ಮುಖ್ಯ ವರ್ಷನ್, ಎಎಚ್‌ನಲ್ಲಿ ಕಿರಿಯ ಸಂಖ್ಯೆ. ವಿಂಡೋಸ್ 95 ನಾಲ್ಕು-ಸೊನ್ನೆ ಅನ್ನುತ್ತದೆ, 98 ನಾಲ್ಕು-ಹತ್ತು ಅನ್ನುತ್ತದೆ. ವಿಂಡೋಸ್ 3ರ ಸ್ಟ್ಯಾಂಡರ್ಡ್ ಮೋಡ್ ಈ ಕರೆಗೆ ಸಿಗುವುದಿಲ್ಲ, ಸಿಗದಿದ್ದರೂ ಚಿಂತೆ ಇಲ್ಲ, ಅಲ್ಲಿ ಹಿನ್ನೆಲೆಗೆ ಹೋದ ಡಾಸ್ ಪ್ರೋಗ್ರಾಮ್ ಓಡುವುದೇ ಇಲ್ಲ. ಬಿಟ್ಟುಕೊಟ್ಟರೆ ತೆಗೆದುಕೊಳ್ಳುವವರು ಯಾರು?

ವಿಂಡೋಸ್ ಎನ್‌ಟಿ, 2000, ಎಕ್ಸ್‌ಪಿಯ ಡಾಸ್ ಪೆಟ್ಟಿಗೆಯನ್ನು ಗುರುತಿಸಬೇಕಿದ್ದರೆ ಇಂಟರಪ್ಟ್ 21, ಎಎಕ್ಸ್‌ನಲ್ಲಿ 3306. ಇದು ಸೆಟ್‌ವರ್‌ನ ಮುಖವಾಡ ತೆಗೆದು ನಿಜ ವರ್ಷನ್ ಹೇಳುತ್ತದೆ. ಬಿಎಲ್‌ನಲ್ಲಿ 5, ಬಿಎಚ್‌ನಲ್ಲಿ ದಶಮಾಂಶ 50, ಅಂದರೆ 5.50 ಅಂತ ಬಂದರೆ ಎನ್‌ಟಿ ಕುಟುಂಬ. ಡಾಸ್ 5ಕ್ಕಿಂತ ಹಳೆಯದರಲ್ಲಿ ಈ ಕರೆ ಇಲ್ಲ, ಮೊದಲು 30ರಿಂದ ವರ್ಷನ್ ನೋಡಿಕೊಂಡು ಆಮೇಲೆ ಕೇಳಿ.

ಟಾಪ್‌ವ್ಯೂಗೆ ಇಂಟರಪ್ಟ್ 15, ಎಎಕ್ಸ್‌ನಲ್ಲಿ 1022, ಬಿಎಕ್ಸ್‌ನಲ್ಲಿ 0. ವಾಪಸ್ ಬಂದಾಗ ಬಿಎಕ್ಸ್ ಸೊನ್ನೆ ಅಲ್ಲದಿದ್ದರೆ ಇದೆ ಅಂತ. ಇವತ್ತು ಟಾಪ್‌ವ್ಯೂ ಓಡಿಸುವವರು ಯಾರೋ ಗೊತ್ತಿಲ್ಲ, ಬೇಕಾದರೆ ಬಿಡಿ.

ಇನ್ನೊಂದು ಎಚ್ಚರಿಕೆ. ಡಾಸ್ 2ರಲ್ಲಿ ಇಂಟರಪ್ಟ್ 2ಎಫ್‌ನ ವೆಕ್ಟರ್ (ಕರೆ ಹೋಗಿ ಸೇರಬೇಕಾದ ವಿಳಾಸ) ಸೊನ್ನೆಯಾಗಿರಬಹುದು, ಕರೆದರೆ ಮಷಿನ್ ಹ್ಯಾಂಗ್ ಆಗುತ್ತದೆ. ಗೆಟ್‌ವೆಕ್ಟ್ ಮಾಡಿ ಸೊನ್ನೆ ಅಲ್ಲ ಅಂತ ಖಾತ್ರಿ ಮಾಡಿಕೊಂಡೇ 2ಎಫ್ ಮುಟ್ಟಿ. ಅಥವಾ ಡಾಸ್ 3 ಬೇಕೇ ಬೇಕು ಅಂತ ಶುರುವಿನಲ್ಲೇ ಹೇಳಿ ಹೊರಗೆ ಬನ್ನಿ.

ಬಿಟ್ಟುಕೊಡುವ ಫಂಕ್ಷನ್

ಇಷ್ಟೆಲ್ಲ ಪಟ್ಟಿ ಹೇಳಿದ ಮೇಲೆ ನಿಜ ಹೇಳುತ್ತೇನೆ: ಬಹಳ ಸಲ ಇದರಲ್ಲಿ ಮುಕ್ಕಾಲು ಪಾಲು ಬೇಡ. ಇಂಟರಪ್ಟ್ 2ಎಫ್, ಎಎಕ್ಸ್‌ನಲ್ಲಿ 1680, ಇದೊಂದೇ ಕರೆ ವಿಂಡೋಸ್ 3, 95, 98, ಎನ್‌ಟಿ, ಓಎಸ್/2 2.0 ಮತ್ತು ನಂತರದ್ದು, ಇವೆಲ್ಲದರಲ್ಲೂ "ನನ್ನ ಉಳಿದ ಸಮಯ ಬೇರೆಯವರಿಗೆ ಕೊಡಿ" ಅಂತ ಅರ್ಥ ಕೊಡುತ್ತದೆ. ಇದರ ಸೊಗಸು ಏನೆಂದರೆ ಉತ್ತರ ಅದರಲ್ಲೇ ಇದೆ. ಕರೆಯುವಾಗ ಎಎಲ್‌ನಲ್ಲಿ 80 ಇರುತ್ತದೆ. ಯಾರಾದರೂ ಕೇಳಿಸಿಕೊಂಡಿದ್ದರೆ ವಾಪಸ್ ಬರುವಾಗ 00 ಆಗಿರುತ್ತದೆ, ಯಾರೂ ಇಲ್ಲದಿದ್ದರೆ 80 ಹಾಗೇ ಉಳಿಯುತ್ತದೆ. ಬ್ರ್ಯಾಂಡ್ ಹೆಸರು ಕೇಳುವ ಬದಲು ಈ ಕರೆ ಕೆಲಸ ಮಾಡುತ್ತದೆಯೇ ಅಂತ ಕೇಳುವುದು ಯಾವಾಗಲೂ ಒಳ್ಳೆಯದು, ನಾಳೆ ಹೊಸ ಎಮ್ಯುಲೇಟರ್ ಬಂದರೂ ನಿಮ್ಮ ಕೋಡ್ ಬದಲಾಯಿಸಬೇಕಿಲ್ಲ. ವರ್ಷನ್ ಪತ್ತೆ ಇರಬೇಕಾದದ್ದು ಅಬೌಟ್ ಪರದೆಯಲ್ಲಿ ತೋರಿಸಲು, ಲಾಗ್ ಫೈಲ್‌ನಲ್ಲಿ ಬರೆಯಲು, ಮತ್ತು ಡೆಸ್ಕ್‌ವ್ಯೂನಂಥ ಬೇರೆ ಜಾತಿಯವರಿಗೆ.

ಹಾಗಾಗಿ ಫಂಕ್ಷನ್‌ನ ಆಕಾರ ಹೀಗೆ. ಡೆಸ್ಕ್‌ವ್ಯೂ ಅಥವಾ ಟಾಪ್‌ವ್ಯೂ ಅಂತ ಮೊದಲೇ ಗೊತ್ತಾಗಿದ್ದರೆ ಇಂಟರಪ್ಟ್ 15, ಎಎಕ್ಸ್‌ನಲ್ಲಿ 1000 ಕರೆದು ವಾಪಸ್ ಬನ್ನಿ. ಇಲ್ಲದಿದ್ದರೆ 1680 ಕರೆಯಿರಿ, ಎಎಲ್ ಸೊನ್ನೆ ಬಂದರೆ ಮುಗಿಯಿತು. ಬರದಿದ್ದರೆ ಇಂಟರಪ್ಟ್ 28 ಕರೆಯಿರಿ, ಆಮೇಲೆ ಒಂದು ಎಚ್‌ಎಲ್‌ಟಿ.

ಡೆಸ್ಕ್‌ವ್ಯೂನ ಕರೆಯಲ್ಲಿ ಒಂದು ಗುಂಡಿ ಇದೆ. ನಿಯಮದ ಪ್ರಕಾರ 1000ಕ್ಕೆ ಮೊದಲು 101ಎ ಕರೆದು ಅದರ ಒಳಗಿನ ಸ್ಟ್ಯಾಕ್‌ಗೆ ಬದಲಾಗಬೇಕು, ಮುಗಿದ ಮೇಲೆ 1025 ಕರೆದು ನಿಮ್ಮ ಸ್ಟ್ಯಾಕ್‌ಗೆ ವಾಪಸಾಗಬೇಕು, ಮೂರೂ ಇಂಟರಪ್ಟ್ 15ರಲ್ಲೇ. ಇದನ್ನು ಓದಿ ಮೂರು ಸಲ ಇಂಟ್86 ಬರೆದರೆ ಕೆಟ್ಟಿತು. ಮೊದಲ ಕರೆಯಲ್ಲೇ ಸ್ಟ್ಯಾಕ್ ಬದಲಾಗಿರುತ್ತದೆ, ಇಂಟ್86 ತಾನು ವಾಪಸ್ ಹೋಗಬೇಕಾದ ವಿಳಾಸವನ್ನು ಹೊಸ ಸ್ಟ್ಯಾಕ್‌ನಲ್ಲಿ ಹುಡುಕುತ್ತದೆ, ಅಲ್ಲಿ ಅದು ಇರುವುದಿಲ್ಲ. ಮೂರನ್ನೂ ನಡುವೆ ಫಂಕ್ಷನ್ ಕರೆ ಇಲ್ಲದೆ ಒಂದೇ ಕಡೆ ಬರೆಯಬೇಕು. ಟರ್ಬೊ ಸಿಯಲ್ಲಿ ಅಂಡರ್‌ಸ್ಕೋರ್ ಎಎಕ್ಸ್ ಅನ್ನುವ ಹುಸಿ ರಿಜಿಸ್ಟರ್‌ಗೆ ಸಂಖ್ಯೆ ಹಾಕಿ ಜೆನ್‌ಇಂಟರಪ್ಟ್ ಬಳಸಿದರೆ ಕಂಪೈಲರ್ ಅಲ್ಲೇ ನೇರವಾಗಿ ಇಂಟರಪ್ಟ್ ಸೂಚನೆ ಹಾಕುತ್ತದೆ, ಸ್ಟ್ಯಾಕ್ ಮುಟ್ಟುವುದಿಲ್ಲ. ಇಲ್ಲದಿದ್ದರೆ ಇನ್‌ಲೈನ್ ಅಸೆಂಬ್ಲಿ.

ಇನ್ನು ಎಚ್‌ಎಲ್‌ಟಿ. ಮುಂದಿನ ಇಂಟರಪ್ಟ್ ಬರುವವರೆಗೆ ನಿಂತಿರು ಅಂತ ಪ್ರೊಸೆಸರ್‌ಗೆ ಹೇಳುವ ಒಂದು ಬೈಟ್‌ನ ಸೂಚನೆ, ಅದರ ಸಂಖ್ಯೆ ಎಫ್4. ಟರ್ಬೊ ಸಿ 2.0ದಲ್ಲಿ ಎಮಿಟ್ ಅನ್ನುವುದು ಇದೆ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಹಾಕಿ, ಅದಕ್ಕೆ ಎಫ್4 ಕೊಟ್ಟರೆ ಆಯಿತು. ಟೈಮರ್ ಇಂಟರಪ್ಟ್ ಸೆಕೆಂಡಿಗೆ 18.2 ಸಲ ಬರುತ್ತದೆ, ಹಾಗಾಗಿ ಹೆಚ್ಚೆಂದರೆ 55 ಮಿಲಿಸೆಕೆಂಡ್ ನಿಲ್ಲುತ್ತೀರಿ. ಕೀ ಒತ್ತಿದರೆ ಕೀಬೋರ್ಡ್ ಇಂಟರಪ್ಟ್ ತಕ್ಷಣ ಎಬ್ಬಿಸುತ್ತದೆ, ಬಳಸುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಇವತ್ತಿನ ವರ್ಚುವಲ್‌ಬಾಕ್ಸ್, ಕ್ಯೂಇಎಂಯು, ಡಾಸ್‌ಬಾಕ್ಸ್‌ಗಳಲ್ಲಿ ಬರೀ ಡಾಸ್ ಓಡುತ್ತಿದ್ದರೆ ನಿಜವಾಗಿ ಉಪಕಾರ ಮಾಡುವುದು ಇದೇ. ಒಳಗಿನ ಪ್ರೊಸೆಸರ್ ನಿಂತಿದೆ ಅಂತ ಕಂಡಾಗ ಹೊರಗಿನ ಪ್ರೋಗ್ರಾಮ್ ತಾನೂ ಮಲಗುತ್ತದೆ. ಆದರೆ ಇಂಟರಪ್ಟ್‌ಗಳು ಆಫ್ ಆಗಿರುವಾಗ ಎಚ್‌ಎಲ್‌ಟಿ ಹಾಕಿದರೆ ಎಬ್ಬಿಸಲು ಯಾರೂ ಬರುವುದಿಲ್ಲ, ರೀಸೆಟ್ ಒಂದೇ ಗತಿ. ಅದಕ್ಕೇ ಅದರ ಹಿಂದಿನ ಸಾಲಿನಲ್ಲಿ ಎನೇಬಲ್ ಇರಲಿ.

ಡಿಜೆಜಿಪಿಪಿ (ಡಾಸ್‌ಗೆ ಇರುವ 32 ಬಿಟ್ ಸಿ ಕಂಪೈಲರ್) ಬಳಸುವವರಿಗೆ ಇಷ್ಟೆಲ್ಲ ರಗಳೆ ಇಲ್ಲ. ಅದರ ಡಿಪಿಎಂಐ ಹೆಡರ್‌ನಲ್ಲಿ ಡಿಪಿಎಂಐ ಯೀಲ್ಡ್ ಅನ್ನುವ ಫಂಕ್ಷನ್ ಸಿದ್ಧವಾಗಿದೆ, ಒಳಗೆ ಅದೇ 1680. ಅಲ್ಲಿ ಎಚ್‌ಎಲ್‌ಟಿಯನ್ನು ಕೈಯಾರೆ ಹಾಕಲು ಹೋಗಬೇಡಿ. 32 ಬಿಟ್ ಪ್ರೊಟೆಕ್ಟೆಡ್ ಮೋಡ್‌ನಲ್ಲಿ ಅದು ವಿಶೇಷ ಅಧಿಕಾರ ಬೇಡುವ ಸೂಚನೆ, ಸಾಮಾನ್ಯ ಪ್ರೋಗ್ರಾಮ್ ಹಾಕಿದರೆ ಫಾಲ್ಟ್ ಆಗುತ್ತದೆ.

ಎಲ್ಲಿ ಕರೆಯಬೇಕು

ನಿಯಮ ಸರಳ. ಲೂಪ್ ಒಂದು ಸುತ್ತು ಹಾಕಿ ಬಂದಾಗ ಮಾಡಲು ಏನೂ ಸಿಗದಿದ್ದರೆ ಮಾತ್ರ ಬಿಟ್ಟುಕೊಡಿ. ಒಂದಾದರೂ ಕೀ ಸಿಕ್ಕಿತು, ಒಂದಾದರೂ ಬೈಟ್ ಬಂತು ಅಂದರೆ ಆ ಸುತ್ತಿನಲ್ಲಿ ಬಿಡಬೇಡಿ, ಮತ್ತೆ ಮೇಲಿನಿಂದ ನೋಡಿ. ಸಾವಿರ ದಾಖಲೆ ವಿಂಗಡಿಸುವ, ಚಿತ್ರ ಬರೆಯುವ ಲೂಪ್‌ನೊಳಗೆ ಇದನ್ನು ತುರುಕುವ ಅಗತ್ಯವೇ ಇಲ್ಲ. ಅಲ್ಲಿ ನಿಮಗೆ ನಿಜವಾಗಿ ಸಿಪಿಯು ಬೇಕು, ಸರದಿ ಮುಗಿದಾಗ ಕೆಳಗಿನವರು ಹೇಗೂ ಕಿತ್ತುಕೊಳ್ಳುತ್ತಾರೆ. ವಿಂಡೋಸ್ 3ರಲ್ಲಿ ಕನಿಷ್ಠ ಸ್ಲೈಸ್ ಮಾಮೂಲಿಯಾಗಿ 20 ಮಿಲಿಸೆಕೆಂಡ್. ಕೆಲಸದ ಲೂಪ್‌ನ ಪ್ರತಿ ಸುತ್ತಿನಲ್ಲೂ ಅದನ್ನು ಬಿಟ್ಟುಕೊಡುತ್ತಾ ಹೋದರೆ ನಿಮ್ಮ ವಿಂಗಡಣೆ ಆಮೆಯ ಹಾಗೆ ಸಾಗುತ್ತದೆ, ಆಮೇಲೆ "ವಿಂಡೋಸ್ ನಿಧಾನ" ಅಂತ ಬೈಯುತ್ತೀರಿ.

ಬಿಟ್ಟುಕೊಟ್ಟು ವಾಪಸ್ ಬರುವಷ್ಟರಲ್ಲಿ ಎಷ್ಟು ಹೊತ್ತಾಗಿರುತ್ತದೆ ಅಂತ ಹೇಳಲಾಗುವುದಿಲ್ಲ. ಹಾಗಾಗಿ ಸಮಯವನ್ನು ಸುತ್ತುಗಳ ಲೆಕ್ಕದಲ್ಲಿ ಅಳೆಯುವ ಕೋಡ್ ಇದ್ದರೆ ಅದು ಕೆಡುತ್ತದೆ. ಬಯೋಸ್‌ನ ಟಿಕ್ ಎಣಿಕೆ ನೋಡಿ, ಸೆಗ್ಮೆಂಟ್ 40, ಆಫ್‌ಸೆಟ್ 6ಸಿಯಲ್ಲಿ ನಾಲ್ಕು ಬೈಟ್. ಹೋಲಿಸುವಾಗ "ಸಮ" ಅಂತ ಕೇಳಬೇಡಿ, "ಸಮ ಅಥವಾ ಜಾಸ್ತಿ" ಅಂತ ಕೇಳಿ, ಯಾಕೆಂದರೆ ನೀವು ಕಾಯುತ್ತಿದ್ದ ಟಿಕ್ ನೀವು ಮಲಗಿದ್ದಾಗಲೇ ಹೋಗಿರಬಹುದು. ಮಧ್ಯರಾತ್ರಿ ಈ ಎಣಿಕೆ ದಶಮಾಂಶ 1573040 ಮುಟ್ಟಿ ಮತ್ತೆ ಸೊನ್ನೆಯಾಗುತ್ತದೆ. ಹೊಸ ಎಣಿಕೆ ಹಳೆಯದಕ್ಕಿಂತ ಕಡಿಮೆ ಕಂಡರೆ ಅಷ್ಟನ್ನು ಕೂಡಿಸಿ. ಇಂಟರಪ್ಟ್ 1ಎ ಮೂಲಕ ಓದಬಹುದಲ್ಲ ಅನ್ನಬೇಡಿ, ಅದು ದಿನ ಬದಲಾದ ಗುರುತನ್ನು ಓದಿದ ಕೂಡಲೇ ಅಳಿಸಿಬಿಡುತ್ತದೆ, ಡಾಸ್‌ನ ತಾರೀಕು ಒಂದು ದಿನ ಹಿಂದೆ ಬೀಳಬಹುದು. ಮೆಮೊರಿಯಿಂದಲೇ ಓದಿ, ಪಾಯಿಂಟರ್‌ಗೆ ಫಾರ್ ಮತ್ತು ವೊಲಟೈಲ್ ಎರಡೂ ಹಾಕಿ. 16 ಬಿಟ್ ಕಂಪೈಲರ್ ನಾಲ್ಕು ಬೈಟನ್ನು ಎರಡು ಸಲಕ್ಕೆ ಓದುತ್ತದೆ, ನಡುವೆ ಟಿಕ್ ಬಿದ್ದರೆ ಅಡ್ಡಾದಿಡ್ಡಿ ಸಂಖ್ಯೆ ಬರುತ್ತದೆ, ಅದಕ್ಕೆ ಎರಡು ಸಲ ಓದಿ ಒಂದೇ ಬರುವವರೆಗೆ ನೋಡುವುದು ಸುಲಭದ ದಾರಿ.

ಸೀರಿಯಲ್ ಪೋರ್ಟ್ ಇದ್ದರೆ ಇನ್ನೂ ಹುಷಾರು. ಡೆಸ್ಕ್‌ವ್ಯೂ ಮೇಲೆ ಒಂದೇ ಮಷಿನ್‌ನಲ್ಲಿ ಎರಡು ಮೂರು ಮೋಡೆಮ್ ಲೈನ್ ನಡೆಸುತ್ತಿದ್ದ ಬುಲೆಟಿನ್ ಬೋರ್ಡ್ ಮಂದಿಗೆ ಇದು ದಿನನಿತ್ಯದ ತಲೆನೋವಾಗಿತ್ತು. 9600 ಬಾಡ್‌ನಲ್ಲಿ ಸುಮಾರು ಒಂದು ಮಿಲಿಸೆಕೆಂಡಿಗೆ ಒಂದು ಬೈಟ್ ಬರುತ್ತದೆ. ಹಳೆಯ 8250 ಚಿಪ್ ಒಂದೇ ಒಂದು ಬೈಟ್ ಹಿಡಿದಿಟ್ಟುಕೊಳ್ಳುತ್ತದೆ, 16550ಎ ಆದರೆ 16. ನೀವು ಪೋರ್ಟನ್ನು ಲೂಪ್‌ನಲ್ಲೇ ಇಣುಕಿ ನೋಡುತ್ತಿದ್ದು 55 ಮಿಲಿಸೆಕೆಂಡ್ ಬಿಟ್ಟುಕೊಟ್ಟರೆ ಐವತ್ತು ಬೈಟ್ ಗಾಳಿಗೆ ಹೋಯಿತು. ಇಂಟರಪ್ಟ್ ಹ್ಯಾಂಡ್ಲರ್ ಬರೆದು ರಿಂಗ್ ಬಫರ್‌ಗೆ ತುಂಬಿಸಿ, ಬಫರ್ ಖಾಲಿ ಇದ್ದಾಗ ಮಾತ್ರ ಬಿಡಿ. ಹ್ಯಾಂಡ್ಲರ್ ಒಳಗಿಂದ ಮಾತ್ರ ಯಾವತ್ತೂ ಬಿಟ್ಟುಕೊಡುವ ಫಂಕ್ಷನ್ ಕರೆಯಬೇಡಿ.

ತಡೆಯೇ ಇರಬಾರದು ಅನ್ನುವ ನಾಲ್ಕು ಸಾಲಿನ ಕೋಡ್ ಇದ್ದರೆ, ಉದಾಹರಣೆಗೆ ಯಾವುದೋ ಕಾರ್ಡ್‌ಗೆ ಹೊತ್ತು ನೋಡಿ ಬರೆಯಬೇಕು, ಅದರ ಮುಂದೆ 2ಎಫ್‌ನ 1681, ಮುಗಿದ ಕೂಡಲೇ 1682 ಹಾಕಿ. ಡೆಸ್ಕ್‌ವ್ಯೂನಲ್ಲಿ ಇಂಟರಪ್ಟ್ 15ರ 101ಬಿ ಮತ್ತು 101ಸಿ. ಆ ಹೊತ್ತಿನಲ್ಲಿ ಬೇರೆ ಯಾರಿಗೂ ಸರದಿ ಸಿಗುವುದಿಲ್ಲ. ತೆರೆದಿದ್ದನ್ನು ಮುಚ್ಚಲು ಮರೆತರೆ ಇಡೀ ಮಷಿನ್ ನಿಮ್ಮ ಪ್ರೋಗ್ರಾಮ್‌ಗೆ ಅಂಟಿಕೊಳ್ಳುತ್ತದೆ.

ಕೆಲಸ ಮಾಡಿತೇ ಅಂತ ನೋಡುವುದು

ಎಕ್ಸ್‌ಪಿ ಅಥವಾ ಬೇರೆ 32 ಬಿಟ್ ವಿಂಡೋಸ್ ಇದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಎನ್‌ಟಿವಿಡಿಎಂ ಅನ್ನುವ ಪ್ರೊಸೆಸ್ ನೋಡಿ, ಡಾಸ್ ಪ್ರೋಗ್ರಾಮ್ ಓಡಿಸುವುದು ಅದೇ. ಮೆನುವಿನಲ್ಲಿ ನಿಂತಾಗ ಅದು ಸೊನ್ನೆಯ ಹತ್ತಿರ ಇರಬೇಕು. 64 ಬಿಟ್ ವಿಂಡೋಸ್‌ನಲ್ಲಿ ಆ ಸೌಲಭ್ಯವೇ ಇಲ್ಲ, ಅಲ್ಲಿ ವರ್ಚುವಲ್‌ಬಾಕ್ಸ್ ಒಳಗೆ ಫ್ರೀಡಾಸ್ (ಉಚಿತವಾಗಿ ಸಿಗುವ ಡಾಸ್) ಹಾಕಿ ಹೊರಗಿನ ಪ್ರೊಸೆಸ್ ಎಷ್ಟು ತಿನ್ನುತ್ತದೆ ಅಂತ ನೋಡಿ. ಓಎಸ್/2ರಲ್ಲಿ ಪಲ್ಸ್ ಅನ್ನುವ ಚಿಕ್ಕ ಗ್ರಾಫ್ ಪ್ರೋಗ್ರಾಮ್ ಇದೆ.

ಪರೀಕ್ಷೆ ಮಾಡುವಾಗ ಪರಿಸರದ ಸ್ವಂತ ಊಹೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಲಾಭ ನಿಮ್ಮ ಕೋಡ್‌ನಿಂದ ಬಂತೋ ಅದರಿಂದ ಬಂತೋ ತಿಳಿಯುವುದಿಲ್ಲ. ವಿಂಡೋಸ್ 3ರ ಪಿಐಎಫ್‌ನಲ್ಲಿ (ಡಾಸ್ ಪ್ರೋಗ್ರಾಮ್‌ನ ಸೆಟ್ಟಿಂಗ್ ಫೈಲ್) ಡಿಟೆಕ್ಟ್ ಐಡಲ್ ಟೈಮ್ ಗುರುತು ತೆಗೆಯಿರಿ, 95ರಲ್ಲಿ ಪ್ರಾಪರ್ಟೀಸ್ ಒಳಗಿನ ಐಡಲ್ ಸೆನ್ಸಿಟಿವಿಟಿ ಸ್ಲೈಡರನ್ನು ತೀರಾ ಕಡಿಮೆಗೆ ಎಳೆಯಿರಿ. ಫ್ರೀಡಾಸ್‌ನಲ್ಲಿ ಎಫ್‌ಡಿಎಪಿಎಂ ಲೋಡ್ ಆಗಿದ್ದರೆ ಅದನ್ನೂ ತೆಗೆಯಿರಿ, ಅದು ಇದೇ ಕೆಲಸ ಹಿಂದಿನಿಂದ ಮಾಡುತ್ತಿರುತ್ತದೆ. ಮೂಲ ಕೋಡ್ ಕೈಯಲ್ಲಿ ಇಲ್ಲದ ಹಳೆಯ ಪ್ರೋಗ್ರಾಮ್‌ಗೆ ಇದೇ ಎಫ್‌ಡಿಎಪಿಎಂ ಔಷಧಿ, ಎಪಿಎಂಡಾಸ್ ಆಯ್ಕೆ ಕೊಟ್ಟು ಓಡಿಸಿ.

ಇದೇ ಕೋಡನ್ನು ಲಿನಕ್ಸ್‌ಗೋ ಹೊಸ ವಿಂಡೋಸ್‌ಗೋ ತರುವವರು 1680 ಇದ್ದ ಜಾಗದಲ್ಲಿ ಸ್ಕೆಡ್ ಯೀಲ್ಡ್ ಅಥವಾ ಸ್ಲೀಪ್ ಸೊನ್ನೆ ಹಾಕಿ ಮುಗಿಸುತ್ತಾರೆ. ಅದು ಸಾಲದು. ಬೇರೆ ಯಾರೂ ಸರದಿಯಲ್ಲಿ ಇಲ್ಲದಿದ್ದರೆ ಆ ಕರೆಗಳು ತಕ್ಷಣ ವಾಪಸ್ ಬರುತ್ತವೆ, ಲೂಪ್ ಮತ್ತೆ ಗಿರಗಿರ ಸುತ್ತುತ್ತದೆ, ಕೋರ್ ಮತ್ತೆ ಬಿಸಿ. ಲಿನಕ್ಸ್‌ನಲ್ಲಿ ಪೋಲ್ ಕರೆದು ಕೀಬೋರ್ಡ್ ಮತ್ತು ಪೋರ್ಟ್ ಎರಡರ ಫೈಲ್ ಡಿಸ್ಕ್ರಿಪ್ಟರ್ ಕೊಟ್ಟು, ಗಡಿಯಾರಕ್ಕೆ ಬೇಕಾದಷ್ಟು ಟೈಮ್‌ಔಟ್ ಹಾಕಿ. ವಿಂಡೋಸ್ ಕನ್ಸೋಲ್‌ನಲ್ಲಿ ಇನ್‌ಪುಟ್ ಹ್ಯಾಂಡಲ್ ಮೇಲೆ ವೇಟ್‌ಫಾರ್‌ಸಿಂಗಲ್‌ಆಬ್ಜೆಕ್ಟ್, ಅಲ್ಲೂ ಟೈಮ್‌ಔಟ್ ಜೊತೆಗೆ.